ಮಗ್ಗದ ಮುಂದೆ ಒರಳುಕಲ್ಲು

ಟ್ರೇಲರ್‌ಗೆ ಹೇರು ಹೇಗೆ ತುಂಬಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮೊಳಕಾಲ್ಮೂರಿನಲ್ಲಿ ಅತ್ತೆಯ ಮನೆ ಕೆಡವಿ ಕಟ್ಟುವುದಿತ್ತು. ಅಲ್ಲಿಯವರೆಗೆ ಅವರ ರೇಷ್ಮೆ ಸೀರೆಯ ಮಗ್ಗ ಚಳ್ಳಕೆರೆಯ ನಮ್ಮ ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಯಾರದೋ ಮನೆಯ ಮದುಮಗಳದು. ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಕತ್ತರಿಸದೆ ಮರದ ದಿಂಡಿನ ಸಮೇತ ಸುತ್ತಿ ಕಟ್ಟಿದ್ದರು. ಎಳೆಗಳು ಹರಿದುಹೋದರೆ ಅತ್ತೆಯ ದುಡಿಮೆ ಮಣ್ಣುಪಾಲು, ಮದುವೆಗೆ ಸೀರೆಯೂ ಇಲ್ಲ.

ನನ್ನದು ಮೋಟು ಜೀಪು. ಟ್ರೇಲರ್ ಅದಕ್ಕಿಂತ ಉದ್ದ. ಸಾಲದ್ದಕ್ಕೆ ಜೀಪಿಗೆ ದೊಡ್ಡ ಟೈರು ಹಾಕಿಸಿ ಮೆರೆದವನೂ ನಾನೇ. ಟ್ರೇಲರ್ ಸಿಕ್ಕಿಸುವ ಹುಕ್ಕು ಮೇಲೇರಿ ಅದರ ಮೂತಿ ಆಕಾಶ ನೋಡುತ್ತಿತ್ತು. ಹುಕ್ಕು ಇಳಿಸಿಕೊಡು ಎಂದರೆ ವೆಲ್ಡಿಂಗ್ ಅಂಗಡಿಯವನು, "ನಡೀತೈತೆ ಬಿಡ್ರಿ" ಎಂದ. ನಮ್ಮೂರಲ್ಲಿ ಎಲ್ಲವೂ ನಡೀತೈತೆ, ಬೀಳುವ ತನಕ.

ಇಂಥ ಗಾಡಿಗೆ ಭಾರವೆಲ್ಲ ಚಕ್ರದ ಅಚ್ಚಿನಿಂದ ಕೊಂಚ ಮುಂದೆ, ಹುಕ್ಕಿನ ಕಡೆಗಿರಬೇಕು. ಹಿಂದಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಆದರೆ ಅತ್ತೆಯ ಮನೆಯಲ್ಲೊಂದು ಕಟ್ಟಳೆ: ಮಗ್ಗ ಹೊರಟಾಗ ಅದರ ಮುಂದೆ ಎರಡು ಮೊಳ ಜಾಗ ಬಿಡಬೇಕು, ಅಲ್ಲಿ ಸಾಮಾನು ಇಡಬಾರದು. ಮುಂದೆ ಖಾಲಿ, ಆಮೇಲೆ ಹಗುರ ಮಗ್ಗ. ಒರಳುಕಲ್ಲು, ರಾಗಿ ಮೂಟೆ, ಪಾತ್ರೆ ಪೆಟ್ಟಿಗೆ ಎಲ್ಲ ಹಿಂದಕ್ಕೆ. ನಾನು ಅಳಿಯ. ಅಳಿಯ ಎದುರು ಮಾತಾಡಬಾರದಂತೆ. ಒಳಗೊಳಗೇ ಕುದಿಯುತ್ತ ಹಗ್ಗ ಬಿಗಿದೆ.

ಕೊಂಡ್ಲಹಳ್ಳಿ ಕಡೆಯ ತಿರುವು ದಾಟಿ ರಸ್ತೆ ನೇರವಾದ ಮೇಲೆ ಲಾರಿಯೊಂದು ಪಕ್ಕದಲ್ಲೇ ನುಗ್ಗಿಹೋಯಿತು. ಅದರ ಗಾಳಿಗೆ ಟ್ರೇಲರ್ ಎಡಕ್ಕೆ ಹೊರಳಿ, ಬಲಕ್ಕೆ ಎಳೆದು, ಜೀಪಿನ ಹಿಂಭಾಗವನ್ನೇ ಅಲ್ಲಾಡಿಸಿಬಿಟ್ಟಿತು. ಪುಣ್ಯಕ್ಕೆ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ಗಟ್ಟಿಯಾಗಿ ಹಿಡಿದೆ. ಪಕ್ಕದಲ್ಲಿದ್ದ ಅತ್ತೆ, "ಮೆಲ್ಲಗಾ ಪೋಂಡಿ!" ಎಂದು ಮನೆಮಾತು ತೆಲುಗಿನಲ್ಲಿ, ನಿಧಾನಕ್ಕೆ ಹೋಗಿ ಎಂದು ಕೂಗಿದರು. ಗಾಡಿ ಓಲಾಡಿ ಓಲಾಡಿ ನಿಂತಿತು.

ಕೆಳಗಿಳಿದವನೇ ಸಿಡಿದೆ. "ನಿಮ್ಮ ಕಟ್ಟಳೆ ನಮ್ಮನ್ನ ಕೊಲ್ತಿತ್ತು ಅತ್ತೆ! ಭಾರ ಮುಂದಿರಬೇಕು ಅನ್ನೋದೂ ಗೊತ್ತಿಲ್ವಾ?"

ಅತ್ತೆ ಮೊದಲು ಹಾಸನ್ನು ಮುಟ್ಟಿ ನೋಡಿದರು. ಎರಡು ಎಳೆ ಹರಿದಿದ್ದವು, ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿದರು. "ನಮ್ಮಪ್ಪ ಎತ್ತಿನ ಗಾಡೀಲಿ ಮಗ್ಗ ಸಾಗಿಸೋವಾಗ ಆ ಜಾಗದಾಗೆ ನಾವು ನಾಕು ಜನ ಕೂತ್ಕೊಂತಿದ್ವಿ. ಸಾಮಾನು ಇಡಬ್ಯಾಡ್ರಿ ಅಂದಿದ್ದು ಅದಕ್ಕೇ. ಇವತ್ತು ನೀವು ನನ್ನನ್ನ ಜೀಪ್ನಾಗೆ ಕೂರಿಸಿದ್ರಿ, ಆ ಜಾಗ ಖಾಲಿ ಉಳೀತು. ಹಿಂಗಾಗ್ತೈತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕ್ರಿ ಹೇಳ್ಲಿಲ್ಲ?"

ನಾನು ಹಗ್ಗ ಬಿಚ್ಚತೊಡಗಿದೆ. ಇಬ್ಬರೂ ಸೇರಿ ಮೂಟೆಗಳನ್ನು ಮುಂದಕ್ಕೆಳೆದೆವು, ಒರಳುಕಲ್ಲನ್ನು ಉರುಳಿಸಿ ತಂದೆವು. ಅದನ್ನು ಮುಂದಿನ ಆ ಖಾಲಿ ಜಾಗದಲ್ಲಿ ಕೂರಿಸುವ ಮುಂಚೆ ಅತ್ತೆ ಮಗ್ಗದ ಮರ ಮುಟ್ಟಿ ಕಣ್ಣಿಗೊತ್ತಿಕೊಂಡರು. ಚಳ್ಳಕೆರೆಯವರೆಗೂ ನಿಧಾನಕ್ಕೆ ಹೋದೆ. ಟ್ರೇಲರ್ ಒಮ್ಮೆಯೂ ಅಲ್ಲಾಡಲಿಲ್ಲ.

ಬಾಗಿಲಿಗೆ ಬಂದ ನನ್ನ ಹೆಂಡತಿ, ದಾರಿಯಲ್ಲಿ ತೊಂದರೆಯಾಯಿತೇ ಎಂದು ತಾಯಿಯನ್ನು ಕೇಳಿದಳು.

"ನಿನ್ನ ಯಜಮಾನ್ರು ಬಾಳ ಮರ್ಯಾದಸ್ತರಮ್ಮ," ಎಂದರು ಅತ್ತೆ. "ಎರಡು ಎಳೆ ಹರಿದ್ವು."