ಗೊರಕೆಗೊಂದು ಬ್ಯಾಟರಿ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡಿಹೋಗಿ ಒಬ್ಬ ಮನುಷ್ಯನನ್ನು ನಂದಿಸಲು ನೋಡಿದ್ದೆ.

ತೊಯಾಮಾ ಊರಾಚೆ ನಮ್ಮದೊಂದು ಸಣ್ಣ ಗ್ಯಾರೇಜು. ವ್ಯಾನಿನೊಳಗೆ ಹಾಸಿಗೆ, ಒಲೆ, ದೀಪ ಕೂಡಿಸಿ ಅದನ್ನು ಮನೆಗಾಡಿ ಮಾಡಿಕೊಡುತ್ತೇವೆ. ಉಬುಕಾತಾ ದಂಪತಿಯ ಗಾಡಿಯ ನೆತ್ತಿಗೆ ಸೋಲಾರ್ ಪ್ಯಾನೆಲ್, ಸೀಟಿನಡಿ ಲಿಥಿಯಂ ಬ್ಯಾಟರಿ ಕೂರಿಸಿದ ಮರುದಿನ ವಿಚಾರಿಸಲು ಫೋನ್ ಮಾಡಿದೆ. ಎತ್ತಿಕೊಂಡವರು ಮನೆಯೊಡತಿ ಟೊಕಿಕೊ ಅಮ್ಮ.

"ಚಾರ್ಜ್ ಆಗ್ತಾ ಇದೆಯಾ ಅಮ್ಮಾವ್ರೇ?"

"ಊಟ ಆದಾಗಿಂದ ಆಗ್ತಾನೇ ಇದಾರೆ."

ನಮ್ಮ ಕಡೆ ಚಹಾಕ್ಕೂ ಅನ್ನಕ್ಕೂ ಗೌರವ ಹಚ್ಚಿ ಮಾತಾಡುವ ಹೆಂಗಸರಿದ್ದಾರೆ. ಈಕೆ ಬ್ಯಾಟರಿಗೂ ಹಚ್ಚಿದರು ಅಂದುಕೊಂಡೆ.

"ಬಿಸಿಯಾಗಿಲ್ಲ ತಾನೆ?"

"ಬೆಚ್ಚಗಿದಾರೆ."

"ಎಲ್ಲಾದ್ರೂ ಊದಿಕೊಂಡಿದೆಯಾ?"

"ಹೊಟ್ಟೆ ಹತ್ರ."

"ಸದ್ದು?"

"ಬೀದಿಗೆಲ್ಲ ಕೇಳ್ತಿದೆ. ಅದಕ್ಕೇ ಮನೆಯಿಂದ ಹೊರಗೆ ಹಾಕಿದೀನಿ!"

ಓಡಿದೆ. ಗಾಡಿಯ ಬಾಗಿಲು ಎಳೆದು, ಸಿಲಿಂಡರಿನ ಕೊಳವೆ ಗುರಿಯಿಟ್ಟು ನೋಡಿದರೆ ಒಳಗೆ ಅಮ್ಮನ ಯಜಮಾನರು ಉಬುಕಾತಾ ಯಾಸುಜಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ. ದಣಿದವರು ಅಡ್ಡಾದರೆ 'ಚಾರ್ಜ್ ಆಗ್ತಿದಾರೆ' ಅನ್ನುವುದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತಿರುವ ಮಾತು. ಬ್ಯಾಟರಿ ಕೂರಿಸುವ ಸಂಬಳ ತಿಂದು ಅದನ್ನೂ ಮರೆತವನು ನಾನೊಬ್ಬನೇ.

ಟೊಕಿಕೊ ಅಮ್ಮನ ಆಯುಷ್ಯದ ಬಹುಪಾಲು ಬೀದಿಯ ಸಾರ್ವಜನಿಕ ಸ್ನಾನದ ಮನೆಯ, ಗಂಡಸರ ಬದಿಯೂ ಹೆಂಗಸರ ಬದಿಯೂ ಕಾಣುವ ಎತ್ತರದ ಗಲ್ಲಾದಲ್ಲಿ ಕಳೆದಿತ್ತು. ಮೈ ತೊಳೆಯದೆ ಬಿಸಿನೀರಿನ ತೊಟ್ಟಿಗೆ ಇಳಿಯುವ ಗಂಡಸರನ್ನು, ಅವರು ಬ್ಯಾಂಕಿನ ಮ್ಯಾನೇಜರೇ ಆಗಿರಲಿ, ಹೆಸರು ಹಿಡಿದು ಕೂಗಿ ಮೇಲೆಬ್ಬಿಸುತ್ತಿದ್ದರು. ಬೆತ್ತಲೆ ಮನುಷ್ಯನ ಮುಂದೆ ಮುಲಾಜು ಯಾಕೆ ಅನ್ನುವುದು ಅವರ ವಾದ. ಆಮೇಲೆ ಬಟ್ಟೆ ತೊಟ್ಟವರ ಮುಂದೆಯೂ ಅದೇ ರೂಢಿಯಾಯಿತು. ಮೀನಿನ ಲಾರಿ ಓಡಿಸುತ್ತಿದ್ದ ಯಾಸುಜಿ ಸ್ನಾನ ಮುಗಿಸಿ ಬಟ್ಟೆ ಬದಲಿಸುವ ಕೋಣೆಯಲ್ಲೇ ನಿದ್ದೆ ಹೋಗುತ್ತಿದ್ದರಂತೆ. ಗೊರಕೆ ಏರಿ ಏರಿ ಒಮ್ಮೆಲೇ ನಿಂತುಬಿಡುವುದು. ಆಗ ಈಕೆ ಪೊರಕೆಯ ಹಿಡಿಯಿಂದ ತಿವಿದು, "ಸತ್ರಾ, ಇದೀರಾ? ಬಾಗಿಲು ಹಾಕ್ಬೇಕು" ಅನ್ನುವುದು. ಹೀಗೆ ತಿವಿಸಿಕೊಂಡು ತಿವಿಸಿಕೊಂಡು ಮದುವೆಯಾಯಿತು.

ಈಗ ಸ್ನಾನದ ಮನೆ ಮುಚ್ಚಿದೆ, ಲಾರಿ ಬಿಟ್ಟಾಗಿದೆ. ಜುಲೈನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ದೂರದ ಉತ್ತರದ ದ್ವೀಪ ಹೊಕ್ಕೈದೊ ಸುತ್ತಬೇಕೆನ್ನುವುದು ಯಾಸುಜಿಯ ಒಂದೇ ಆಸೆ. ಅಡ್ಡಿಯೂ ಒಂದೇ. ಡಾಕ್ಟರು ಕೊಟ್ಟ ಮೂಗಿನ ಮುಖವಾಡದ ಯಂತ್ರ ಹಾಕಿಕೊಂಡರೆ ಗೊರಕೆಯಿಲ್ಲ, ಆದರೆ ಅದಕ್ಕೆ ಇರುಳಿಡೀ ಕರೆಂಟು ಬೇಕು. ಗಾಡಿಯ ಹಳೇ ಬ್ಯಾಟರಿ ನಡುರಾತ್ರಿಗೇ ಕೈ ಎತ್ತುತ್ತಿತ್ತು. ವಸಂತದಲ್ಲಿ ಹೆದ್ದಾರಿ ತಂಗುದಾಣದಲ್ಲಿ ಮಲಗಿದಾಗ ಅಕ್ಕಪಕ್ಕದ ಗಾಡಿಗಳು ಒಂದೊಂದಾಗಿ ಜಾಗ ಖಾಲಿ ಮಾಡಿದ್ದವಂತೆ.

ಟೊಕಿಕೊ ಅಮ್ಮ ತೀರ್ಪು ಕೊಟ್ಟಿದ್ದರು: "ಆ ಡಬ್ಬದಲ್ಲಿ ಒಂದು ರಾತ್ರಿ ಸದ್ದಿಲ್ಲದೆ ಮಲಗಿ ತೋರಿಸ್ರೀ, ಬರ್ತೀನಿ. ಇಲ್ಲಾಂದ್ರೆ ಒಬ್ರೇ ಹೋಗಿ ಫೋಟೋ ಕಳಿಸಿ."

ಅದಕ್ಕೇ ಸೋಲಾರು, ಅದಕ್ಕೇ ಲಿಥಿಯಂ.

ಆದರೆ ಹೊಸ ಬ್ಯಾಟರಿಯೂ ಸೋತಿತು. "ನಿನ್ನ ಪ್ಯಾನೆಲ್ಲು ಬಿಸಿಲು ಕುಡಿಯಲ್ಲ ತಮ್ಮಾ, ಬರೀ ಬಾಯಿ ಬಿಟ್ಕೊಂಡು ಕೂತಿರುತ್ತೆ, ನನ್ನ ಹಾಗೆ" ಅಂತ ಯಾಸುಜಿ ಫೋನ್ ಮಾಡಿದರು. ನಾನು ತಂತಿ ತಡಕಾಡಿದೆ, ಫ್ಯೂಸು ಬದಲಿಸಿದೆ, ಏನೂ ತೋಚದೆ ಮೋಡಕ್ಕೆ ಬೈದೆ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅನ್ನುವ ಸೀಮೆ ನಮ್ಮದು, ಮೋಡದ ಮೇಲೆ ತಪ್ಪು ಹೊರಿಸುವುದು ಸುಲಭ. ನಮ್ಮ ಧಣಿ ಹಿರುಕಾವಾ ಮಾತ್ರ, "ಮೋಡಕ್ಕೆ ನಾನು ಸಂಬಳ ಕೊಡಲ್ಲ ಕಣೋ" ಅಂದರು.

ಅಪರೂಪಕ್ಕೆ ಚುರುಗುಟ್ಟುವ ಬಿಸಿಲು ಬಿದ್ದ ದಿನ, ಹೇಳದೆ ಕೇಳದೆ ಹೋದೆ. ಗಾಡಿಯ ನೆತ್ತಿಯ ಮೇಲೆ, ಪ್ಯಾನೆಲ್ಲುಗಳನ್ನು ಅಂಚಿನಿಂದ ಅಂಚಿಗೆ ಮುಚ್ಚಿ, ಎರಡು ದಪ್ಪ ಹಾಸಿಗೆಗಳು ಹರವಿಕೊಂಡಿದ್ದವು. ಏಣಿ ಹತ್ತಿದ ಟೊಕಿಕೊ ಅಮ್ಮ ಬೆತ್ತದಿಂದ ಅವುಗಳ ಧೂಳು ಬಡಿಯುತ್ತಿದ್ದರು. ಯಾಸುಜಿ ಭಕ್ತಿಯಿಂದ ಏಣಿ ಹಿಡಿದಿದ್ದರು.

"ಅಮ್ಮಾವ್ರೇ! ಅದರಡಿ ಪ್ಯಾನೆಲ್ಲಿದೆ!"

"ಗೊತ್ತು ಕಣಪ್ಪ. ದಕ್ಷಿಣಕ್ಕೆ ಓರೆ ಮಾಡಿ ಎಷ್ಟು ಚೆನ್ನಾಗಿ ಕೂರಿಸಿದೀಯ! ಹಾಸಿಗೆ ಹೀಗೆ ಯಾವತ್ತೂ ಒಣಗಿರ್ಲಿಲ್ಲ."

"ಬಿಸಿಲು ಅದಕ್ಕೆ ಬೀಳ್ಬೇಕಲ್ವಾ?"

"ಇವತ್ತು ಹಾಸಿಗೆಗೆ ಬೀಳ್ಲಿ. ಮಿಕ್ಕ ದಿನವೆಲ್ಲ ಅದರದ್ದೇ ತಾನೆ?"

ಮಿಕ್ಕ ದಿನವೆಂದರೆ ಮಳೆ. ನನ್ನ ಪ್ಯಾನೆಲ್ಲು ಅಲ್ಲಿಗೆ ಬಂದಮೇಲೆ ಸೂರ್ಯನ ಮುಖ ಕಂಡೇ ಇರಲಿಲ್ಲ. ಬೈಯಲು ನನಗೂ ಹಕ್ಕಿರಲಿಲ್ಲ. ಬಿಸಿಲು ಕಂಡೊಡನೆ ಬೀದಿಗೆ ಬೀದಿಯೇ ಹಾಸಿಗೆ ಹರವಿತ್ತು, ನಾನೂ ನನ್ನದನ್ನು ಬಾಲ್ಕನಿಗೆ ಹಾಕಿಯೇ ಬಂದಿದ್ದೆ.

"ಬಿಸಿಲನ್ನ ಇಬ್ಬರಿಗೂ ಹಂಚೋಕಾಗಲ್ವಾ ತಮ್ಮಾ?" ಅಂದರು ಯಾಸುಜಿ.

ಕೊನೆಗೆ ಹಾಸಿಗೆಗಳು ಬೇಲಿಗಿಳಿದವು. ಬಿಸಿಲು ಇನ್ನೂ ಕೆಲವು ದಿನ ದಯೆ ತೋರಿತು. ದಂಪತಿ ಮತ್ತೆ ಆ ತಂಗುದಾಣಕ್ಕೆ ಹೋಗಿ ಮಲಗಿ, ಬೆಳಗ್ಗೆ ನೇರ ನಮ್ಮ ಗ್ಯಾರೇಜಿಗೆ ಬಂದರು.

"ಪಿಟ್ಟೆನ್ನಲಿಲ್ಲ!" ಯಾಸುಜಿ ಎದೆ ಉಬ್ಬಿಸಿದರು. "ಬ್ಯಾಟರಿಯಲ್ಲಿ ಇನ್ನೂ ಅರ್ಧ ಮಿಕ್ಕಿದೆ!"

ಟೊಕಿಕೊ ಅಮ್ಮನ ಕಣ್ಣುಗಳು ಮಾತ್ರ ಕೆಂಡದಂತಿದ್ದವು.

"ನಿದ್ದೆ ಬರ್ಲಿಲ್ವಾ ಅಮ್ಮಾವ್ರೇ?"

"ಎಲ್ಲಿಂದ? ಸದ್ದೇ ಇಲ್ಲ. ಸತ್ರೋ ಇದಾರೋ ಅಂತ ರಾತ್ರಿಯೆಲ್ಲ ಎದ್ದೆದ್ದು ಮೂಗಿಗೆ ಕೈ ಇಟ್ಟು ನೋಡಿದೆ. ಆ ಮುಖವಾಡದಲ್ಲಿ ಮೂಗೂ ಸಿಗಲ್ಲ."

ಯಾಸುಜಿಯ ಎದೆ ಗಾಳಿ ಹೋದ ಟೈರಿನಂತೆ ಇಳಿಯಿತು. ಧಣಿ ನನ್ನ ಕಾಲು ತುಳಿದರು. ತುಳಿಯುವಷ್ಟರಲ್ಲಿ ಮಾತು ನನ್ನ ಬಾಯಿ ದಾಟಿತ್ತು.

"ಗೊರಕೆ ಇದ್ರೂ ನಿದ್ದೆ ಇಲ್ಲ, ಇಲ್ದಿದ್ರೂ ಇಲ್ಲ. ನಿಮಗೆ ಇವರ ಜೊತೆ ಹೋಗೋಕೇ ಇಷ್ಟ ಇಲ್ವಾ ಅಮ್ಮಾವ್ರೇ?"

"ಇಷ್ಟ ಇಲ್ದೆ ರಾತ್ರಿಯೆಲ್ಲ ಮೂಗು ಹುಡುಕ್ತಾರೇನೋ, ಪೆದ್ದೆ! ಹಗಲೆಲ್ಲ ಅವರು ಗಾಡಿ ಓಡಿಸ್ಲಿ, ಪಕ್ಕದಲ್ಲಿ ಕೂತು ನಾನು ಚಾರ್ಜ್ ಆಗ್ತೀನಿ."