ಇಲ್ಫರ್ಡಿನ ಮನೆಗೆ ಡಿಶ್ ಕಟ್ಟಿದ ಸೋಮವಾರ

ಅಲ್ಯೂಮಿನಿಯಂ ಏಣಿಯನ್ನು ಎಳೆದು ಉದ್ದ ಮಾಡುವಾಗ ಒಂದು ಸದ್ದು ಬರುತ್ತದೆ. ಮೊದಲು ಕಿರ್ರೆಂದು ಜಾರುತ್ತದೆ, ಆಮೇಲೆ ಕೊಕ್ಕೆ ಒಂದೊಂದು ಮೆಟ್ಟಿಲಿಗೂ ಬಡಿದು ಖಟ್, ಖಟ್, ಖಟ್. ನಾನೀಗ ಇರುವ ಬೀದಿಗೆ ತಿಂಗಳಿಗೊಮ್ಮೆ ಕಿಟಕಿ ಒರೆಸುವವನು ಬರುತ್ತಾನೆ. ಅವನು ಏಣಿ ಎಳೆದನೆಂದರೆ ಮುಗಿಯಿತು, ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹೊರಗೆ ಓಡುತ್ತೇನೆ. ಅವನು ಕೆಲಸ ಮುಗಿಸಿ ಇಳಿಯುವವರೆಗೂ ಏಣಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತೇನೆ. ಮಳೆ ಬಂದರೂ ನಿಲ್ಲುತ್ತೇನೆ. ಬೇಡ ಬಿಡಿ ಎಂದು ಅವನು ಎಷ್ಟೋ ಸಲ ನಕ್ಕಿದ್ದಾನೆ. ಈ ಹೆಂಗಸಿಗೆ ತಲೆ ಸರಿ ಇಲ್ಲ ಎಂದುಕೊಂಡಿರಬಹುದು. ಅಂದುಕೊಳ್ಳಲಿ, ನನಗೇನು.

ನಾನು ಬೆಳೆದದ್ದು ಇಂಗ್ಲೆಂಡಿನಲ್ಲಿ, ಇಲ್ಫರ್ಡಿನ ಒಂದು ಸಾಲುಮನೆಯಲ್ಲಿ. ಒಂದು ಗೋಡೆಗೆ ಆ ಕಡೆಯವರ ಕೆಮ್ಮು ಕೇಳುತ್ತಿತ್ತು, ಇನ್ನೊಂದು ಗೋಡೆಗೆ ಈ ಕಡೆಯವರ ಜಗಳ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ತಮ್ಮ ಸದಾನಂದ ಚಿಕ್ಕಪ್ಪ. ಊರು ಕುಂದಾಪುರದ ಹತ್ತಿರ ಕೋಟ. ಅಪ್ಪ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಚಿಕ್ಕಪ್ಪ ಒಂದು ದಕ್ಷಿಣ ಭಾರತದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಅವರ ಕೋಟಿಗೆ ಎಣ್ಣೆಯ ವಾಸನೆ, ಇಂಗಿನ ವಾಸನೆ, ಅದರ ಮೇಲೆ ಟ್ಯೂಬ್ ರೈಲಿನ ಧೂಳಿನ ವಾಸನೆ. ಬಾಗಿಲಲ್ಲಿ ಆ ಕೋಟು ನೇತು ಹಾಕಿದ ಕೂಡಲೇ ಮನೆ ತುಂಬಿದ ಹಾಗಾಗುತ್ತಿತ್ತು. ನಾನು ಅವರ ಜೇಬಿಗೆ ಕೈ ಹಾಕುತ್ತಿದ್ದೆ. ಕಾಗದದಲ್ಲಿ ಸುತ್ತಿದ ಮೈಸೂರುಪಾಕು ಇಲ್ಲದ ದಿನ ಮುಖ ಊದಿಸಿಕೊಂಡು ಕೂರುತ್ತಿದ್ದೆ. ನಾನು ಒಳ್ಳೆಯ ಹುಡುಗಿಯಾಗಿರಲಿಲ್ಲ, ಈಗಲೇ ಹೇಳಿಬಿಡುತ್ತೇನೆ. ಒಬ್ಬಳೇ ಮಗಳು, ಹಠ ಜಾಸ್ತಿ.

ಚಿಕ್ಕಪ್ಪನಿಗೆ ಸೋಮವಾರ ರಜೆ. ಆ ದಿನ ಅವರು ಡಿಶ್ ಕಟ್ಟಲು ಹೋಗುತ್ತಿದ್ದರು. ತೊಂಬತ್ತರ ದಶಕದ ಆ ಮೊದಲ ವರ್ಷಗಳು ನಿಮಗೂ ನೆನಪಿರಬಹುದು: ಕ್ರಿಕೆಟ್ಟೆಲ್ಲ ಸ್ಯಾಟಲೈಟಿಗೆ ಹೋಗಿಬಿಟ್ಟಿತ್ತು, ಮಕ್ಕಳಿಗೆ ದಿನವಿಡೀ ಕಾರ್ಟೂನು ಬರುವ ಚಾನೆಲ್ಲು ಬೇಕಾಗಿತ್ತು, ಡಿಶ್ ಇಲ್ಲದ ಮನೆಗೆ ಭಾನುವಾರ ಯಾರೂ ಬರುತ್ತಿರಲಿಲ್ಲ. ಚಿಕ್ಕಪ್ಪ ಪಕ್ಕದ ಟಿವಿ ಅಂಗಡಿಯವನ ಜೊತೆ ನಾಲ್ಕು ಸಲ ಹೋಗಿ ಕೆಲಸ ಕಲಿತಿದ್ದರು. ಸಟನ್ನಿನ ನರ್ಸಮ್ಮನ ಮನೆ, ಎಜ್‌ವೇರಿನ ಬೆಂಗಳೂರು ಡಾಕ್ಟರ ಮನೆ, ಹೀಗೆ ಕನ್ನಡದವರು ಎಲ್ಲಿ ಕರೆದರೂ ಏಣಿ ಹೊತ್ತುಕೊಂಡು ಹೊರಡುತ್ತಿದ್ದರು. ಶಾಲೆಗೆ ರಜೆಯಿದ್ದರೆ ನಾನೂ ಜೊತೆಗೆ.

ಕೆಲಸ ಹೀಗೆ. ಅವರು ಏಣಿಯ ತುದಿಯಲ್ಲಿ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುವುದು. ಒಳಗೆ ಟಿವಿಯಲ್ಲಿ ಏನಾಯಿತೆಂದು ನಾನು ಕಿಟಕಿಯಲ್ಲಿ ನಿಂತು ಕೂಗುವುದು. ನಾನು ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಜಾತಿ. ಚಿಕ್ಕಪ್ಪ ಅದಕ್ಕೆ ಒಪ್ಪಲಿಲ್ಲ. "ನಿನ್ ಇಂಗ್ಲಿಷ್ ಗಾಳಿಲಿ ಹಾರಿ ಹೋತ್ ಮಗಾ. ಕನ್ನಡದಲ್ಲಿ ಕೂಗ್" ಎಂದರು. ಹಾಗಾಗಿ ನನ್ನ ಬಾಯಿಂದ ಗಟ್ಟಿಯಾಗಿ ಹೊರಟ ಮೊದಲ ಕನ್ನಡ ಮೂರು ಮಾತಿನದು: ಬಂತು, ಹೋಯ್ತು, ಇನ್ನೂ ಚೂರು. ಚಿತ್ರ ಸರಿಯಾಗಿ ಬರುವ ಮುಂಚೆ ಪರದೆಯ ತುಂಬ ಬಿಳಿ ಚುಕ್ಕೆಗಳು, ಬಲೆಗೆ ಬಿದ್ದ ಸಣ್ಣ ಮೀನಿನ ಹಾಗೆ ಪಟಪಟ ಹೊಳೆಯುತ್ತಿದ್ದವು. ಅವು ಒಂದೊಂದಾಗಿ ಮಾಯವಾಗುವುದನ್ನು ನೋಡಿ ನಾನು "ಬಂತು!" ಎಂದು ಕಿರುಚಿದರೆ, ಇಳಿಯುವ ಮುಂಚೆ ಮೇಲಿನಿಂದ ಪ್ರತಿ ಸಲವೂ ಒಂದೇ ಉತ್ತರ: "ಹಂಗಾರೆ ಇಳಿತೆ ಮಗಾ."

ಸ್ಯಾಟಲೈಟಿನಿಂದ ಈ ಚಿತ್ರ ಎಲ್ಲಿಯವರೆಗೆ ಬೀಳುತ್ತದೆಂದು ಅವರು ಒಮ್ಮೆ ಅಡುಗೆಮನೆ ಮೇಜಿನ ಮೇಲೆ ನನ್ನ ಶಾಲೆಯ ಅಟ್ಲಾಸ್ ಬಿಡಿಸಿ, ಅದರ ಮೇಲೆ ಚಪಾತಿ ತಟ್ಟೆಯಿಟ್ಟು ತೋರಿಸಿದ್ದರು. ತಟ್ಟೆಯೊಳಗೆ ಇಂಗ್ಲೆಂಡು, ಫ್ರಾನ್ಸು. ಸ್ಪೇನು ಅಂಚಿನಲ್ಲಿ, ಅಲ್ಲಿ ಮನೆ ಕೊಂಡ ಗುಜರಾತಿ ಅಂಗಡಿಯವರು ಬಾಕ್ಸನ್ನೂ ಕಾರ್ಡನ್ನೂ ಹೊತ್ತುಕೊಂಡು ಹೋಗಿ ದೊಡ್ಡ ಡಿಶ್ ಕಟ್ಟಿಸಿದ್ದರಂತೆ. ಅಮ್ಮ ತಟ್ಟೆಯ ಹೊರಗೆ ಬೆರಳಿಟ್ಟು, "ನಮ್ ಕುಂದಾಪ್ರಕ್ಕೆ?" ಎಂದು ಕೇಳಿದಳು. "ಅಲ್ಲಿ ತನ್ಕ ಬೀಳುದಿಲ್ಲ ಅತ್ತಿಗೆ. ಎಷ್ಟ್ ದೊಡ್ಡ್ ಡಿಶ್ ಕಟ್ಟಿರೂ ಅಷ್ಟೇ" ಎಂದು ಚಿಕ್ಕಪ್ಪ ನಕ್ಕರು. ಅಮ್ಮನಿಗೆ ಯಾಕೋ ಬೇಜಾರಾಯಿತು. ತಟ್ಟೆ ತೆಗೆದುಕೊಂಡು ಹೋಗಿ ತೊಳೆದಿಟ್ಟಳು.

ಊರಿಗೆಲ್ಲ ಡಿಶ್ ಕಟ್ಟಿದ ಮನುಷ್ಯನ ಮನೆಯಲ್ಲೇ ಡಿಶ್ ಇರಲಿಲ್ಲ. ಅಪ್ಪ ಬೇಡವೆಂದರೆ ಬೇಡ, ಮಕ್ಕಳು ಹಾಳಾಗುತ್ತಾರೆ ಎಂದು. ನಾನು ಬಿಡಬೇಕಲ್ಲ! ಒಂದು ಇಡೀ ಬೇಸಿಗೆ ಚಿಕ್ಕಪ್ಪನ ತಲೆ ತಿಂದೆ. ಗೆಳತಿ ಮನೆಯಲ್ಲಿ ಬರುತ್ತದೆ, ಅವಳ ಮನೆ ಚಿತ್ರ ಕನ್ನಡಿಯ ಹಾಗಿರುತ್ತದೆ, ನನಗೆ ಮಾತ್ರ ಯಾಕಿಲ್ಲ ಎಂದು ಊಟ ಬಿಟ್ಟು ಅತ್ತೆ. ಕೊನೆಗೆ ಅಕ್ಟೋಬರಿನ ಒಂದು ವಾರದ ಶಾಲೆ ರಜೆಯ ಸೋಮವಾರ, ಅಪ್ಪ ಕೆಲಸಕ್ಕೆ ಹೋದ ಮೇಲೆ, ಎಜ್‌ವೇರಿನ ಯಾರೋ ತೆಗೆದುಹಾಕಿದ ಹಳೆಯ ಡಿಶ್ಶನ್ನು ಚಿಕ್ಕಪ್ಪ ಶೆಡ್ಡಿನಿಂದ ಹೊರಗೆ ತಂದರು. ನನಗೆ ಒಂಬತ್ತು ವರ್ಷ.

ರಾತ್ರಿ ಮಳೆ ಬಂದು ಮುಂದಿನ ಅಂಗಳದ ಕಲ್ಲು ಒದ್ದೆಯಾಗಿತ್ತು. ಮುಂದಿನ ಕೋಣೆಯ ಕಿಟಕಿಯ ಮೇಲೆ, ಮಾಡಿನ ಅಂಚಿಗೆ ಚಿಕ್ಕಪ್ಪ. ಕೆಳಗೆ ಏಣಿ ಹಿಡಿದುಕೊಂಡು ಅಮ್ಮ. ಒಳಗೆ ಕಿಟಕಿ ತೆಗೆದು ನಾನು, ನನ್ನ ಬೆನ್ನ ಹಿಂದೆ ಟಿವಿ. "ಬಂತಾ?" "ಹೋಯ್ತು!" "ಈಗ ಬಂತಾ?" "ಇನ್ನೂ ಚೂರು!" ಸ್ವಲ್ಪ ಹೊತ್ತಿಗೆ ಬಂದೇಬಿಟ್ಟಿತು. ಕಾರ್ಟೂನಿನ ಹಾಡು ಸ್ಪಷ್ಟವಾಗಿ ಕೇಳುತ್ತಿತ್ತು, ಬಣ್ಣ ತುಂಬಿತ್ತು, ಬಲಗಡೆ ಮೂಲೆಯಲ್ಲಿ ಮಾತ್ರ ಎರಡೋ ಮೂರೋ ಚುಕ್ಕೆ. ಯಾರ ಮನೆಯಲ್ಲಾದರೂ ಆಗಿದ್ದರೆ ಬಂತು ಎಂದುಬಿಡುತ್ತಿದ್ದೆ. ಇದು ನಮ್ಮ ಮನೆ. ಗೆಳತಿಯ ಮನೆಗಿಂತ ಒಂದು ಚುಕ್ಕೆ ಜಾಸ್ತಿ ಇದ್ದರೂ ನನಗೆ ಆಗದು. ಒಳಗೆ ಕುಕ್ಕರ್ ಕೂಗಿತು. ಅಮ್ಮ ಹಜಾರದಲ್ಲಿ ಹಾದು ಹೋದ ಚಪ್ಪಲಿಯ ಸದ್ದು ನನ್ನ ಬೆನ್ನ ಹಿಂದೆ ಕೇಳಿತು, ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಯಿತು. "ಬಂತಾ ಮಗಾ?" ಎಂದು ಮೇಲಿನಿಂದ ಚಿಕ್ಕಪ್ಪ ಕೇಳಿದರು. "ಇಲ್ಲ! ಇನ್ನೂ ಚೂರು!" ಎಂದೆ. ಸುಳ್ಳು. ಮೇಲೆ ಲೋಹ ಕಿರುಗುಟ್ಟಿತು. ತಿರುಗಿ ನೋಡಿದರೆ ಒಂದು ಚುಕ್ಕೆಯೂ ಇಲ್ಲ, ಚಿತ್ರ ಕನ್ನಡಿಯ ಹಾಗೆ. ನಾನು ಕುಣಿಯುತ್ತ "ಬಂತು!" ಎಂದು ಕೂಗಿದೆ. ಇಳಿತೆ ಮಗಾ ಎನ್ನುವ ಉತ್ತರ ಬರಲಿಲ್ಲ. ಏಣಿ ಗೋಡೆಗೆ ಉಜ್ಜಿಕೊಂಡು ಹೋದ ಸದ್ದು ಬಂತು.

ಅವರು ಬೀದಿಯ ಕಡೆಯ ಮೋಟುಗೋಡೆಯ ಮೇಲೆ ಬೆನ್ನು ಕೊಟ್ಟು ಬಿದ್ದಿದ್ದರು. ಆಂಬುಲೆನ್ಸ್ ಬಂದು ಹೋಗುವವರೆಗೂ ಕಾರ್ಟೂನು ಹಾಡುತ್ತಲೇ ಇತ್ತು. ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬೆನ್ನುಮೂಳೆ. ಸೊಂಟದಿಂದ ಕೆಳಗೆ ಸ್ವಾಧೀನವೇ ಇಲ್ಲ. ಚಿಕ್ಕಪ್ಪನ ಮದುವೆಗೆ ಸಾಲಿಗ್ರಾಮದ ಕಡೆ ಒಂದು ಹುಡುಗಿಯನ್ನು ನೋಡಿ ಗೊತ್ತು ಮಾಡಿದ್ದರು, ಆ ಮಾತು ಅಲ್ಲಿಗೆ ನಿಂತಿತು. ಐದು ತಿಂಗಳ ಮೇಲೆ ಮನೆಗೆ ಕರೆತಂದು ಮುಂದಿನ ಕೋಣೆಯಲ್ಲೇ ಮಂಚ ಹಾಕಿದರು, ಅದೇ ಟಿವಿಯ ಎದುರು. ಬೇಡ ಎನ್ನುತ್ತಿದ್ದ ಅಪ್ಪನೇ ದಿನಾ ಬೆಳಗ್ಗೆ ಎದ್ದು ಅದನ್ನು ಹಾಕಿ, ದಿಂಬು ಸರಿಮಾಡಿ ಕೆಲಸಕ್ಕೆ ಹೋಗುತ್ತಿದ್ದರು. ಅಪ್ಪ ಅಮ್ಮನ ಜೊತೆ ವರ್ಷಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. "ಒಂದ್ ಏಣಿ ಹಿಡ್ಕಂಬುಕೆ ಆಯ್ಲಿಲ್ಯಾ ನಿಂಗೆ?" ಎಂದು ಒಮ್ಮೆ ಬಂದವರ ಎದುರಿಗೇ ಕೇಳಿದರು. ಅಮ್ಮ ತಲೆ ತಗ್ಗಿಸಿ, "ಕುಕ್ಕರ್ ಕೂಗ್ತಲ್ದಾ, ಬಿಟ್ಟ್ ಒಳಗ್ ಹೋದೆ. ನಂದೇ ತಪ್ಪ್" ಎಂದಳು. ನೋಡಲು ಬಂದ ಪ್ರತಿಯೊಬ್ಬರಿಗೂ ಹಾಗೇ ಹೇಳಿದಳು, ಊರಿಗೆ ಫೋನು ಮಾಡಿದಾಗಲೂ ಹೇಳಿದಳು. ಆ ಕುಕ್ಕರನ್ನು ಮತ್ತೆ ಒಲೆಗೆ ಇಡಲಿಲ್ಲ. ನಾನು ಅಲ್ಲೇ ಇದ್ದೆ, ಬಾಗಿಲ ಸಂದಿಯಲ್ಲಿ. ಬಾಯಿಗೆ ಬಂದದ್ದನ್ನು ಪ್ರತಿ ಸಲ ನುಂಗಿದೆ. ಒಂಬತ್ತಕ್ಕೆ ಹೆದರಿಕೆ ಎನ್ನಬಹುದು. ಹದಿನೈದಕ್ಕೆ ಏನೆನ್ನಬೇಕು? ಹೇಡಿತನ, ಅಷ್ಟೇ.

ಆ ಕೋಣೆಯಲ್ಲಿ ಚಿಕ್ಕಪ್ಪ ಎಂಟು ವರ್ಷ ಮಲಗಿದರು. ನೋಡುತ್ತಿದ್ದದ್ದು ಸ್ನೂಕರು. ಹಸಿರು ಮೇಜು, ಕೋಲಿನಿಂದ ತೂತಿಗೆ ತಳ್ಳುವ ಬಣ್ಣದ ಗುಂಡು, ಮಾತು ಕಡಿಮೆ, ಅವಸರವಿಲ್ಲ. ಟಿವಿ ಕಾರ್ಯಕ್ರಮದ ಪುಸ್ತಕದ ಅಂಚಿನ ಖಾಲಿ ಜಾಗದಲ್ಲಿ ನನಗೆ ಕನ್ನಡ ಅಕ್ಷರ ಬರೆಸಿದವರು ಅವರೇ. ಇದನ್ನು ಬರೆಯುತ್ತಿರುವುದೂ ಆ ಅಕ್ಷರದಲ್ಲೇ. ನಾನು ಶಾಲೆಯಿಂದ ಬಂದ ಕೂಡಲೇ ಚಾನೆಲ್ಲು ಬದಲಿಸಿ, "ನಿನ್ ಕಾರ್ಟೂನ್ ಕಾಣ್ ಮಗಾ" ಎನ್ನುತ್ತಿದ್ದರು. ಬೇಡ ಎನ್ನುತ್ತಿದ್ದೆ. ಯಾಕೆ ಎಂದು ಅವರು ಒಂದು ದಿನವೂ ಕೇಳಲಿಲ್ಲ.

ಹಳೆಯ ಪ್ರಸಾರ ನಿಂತು ಡಿಜಿಟಲ್ ಬಂದಾಗ ಹೊಸ ಡಿಶ್ ಕಟ್ಟಲು ಇಬ್ಬರು ಬಂದರು. ಅವರ ಕೈಯಲ್ಲಿ ಸಿಗ್ನಲ್ ನೋಡುವ ಒಂದು ಸಣ್ಣ ಪೆಟ್ಟಿಗೆ. ಅದು ಪೀಂ ಎಂದಿತು, ಅವರು ಇಳಿದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು, ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಚಿಕ್ಕಪ್ಪ ಮಲಗಿದಲ್ಲಿಂದಲೇ ಕಿಟಕಿ ನೋಡುತ್ತ, "ಈಗ ಕೂಗುದೇ ಬ್ಯಾಡ ಅಂಬ್ರ್" ಎಂದರು. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹಳೆಯ ಡಿಶ್ಶನ್ನು ಕೀಳಲು ಅಪ್ಪ ಬಿಡಲಿಲ್ಲ. ಅದು ಹೊಸದರ ಪಕ್ಕದಲ್ಲೇ ತುಕ್ಕು ಹಿಡಿಯುತ್ತ ಉಳಿಯಿತು.

ಮರುವರ್ಷ ಚಿಕ್ಕಪ್ಪ ಊರಿಗೆ ಹೊರಟರು, ಕೋಟದಲ್ಲಿದ್ದ ನನ್ನ ಸೋದರತ್ತೆಯ ಮನೆಗೆ. ಇನ್ನು ಚಳಿ ಸಾಕು ಎಂದರು. ಅಲ್ಲಿ ಈ ಚಾನೆಲ್ಲು ಬರುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು? ಹೋದ ಮೊದಲ ಭಾನುವಾರವೇ ಫೋನು. "ಟಿವಿ ಹಾಕ್ ಮಗಾ. ಎಂತ ಬತ್ತಾ ಇತ್ತ್ ಹೇಳ್." ಸ್ನೂಕರ್ ಬರುತ್ತಿತ್ತು. ನಾನು ಹೇಳತೊಡಗಿದೆ: ಕೆಂಪು ಹೋಯ್ತು, ಕಪ್ಪು ಹೋಯ್ತು, ನೀಲಿ ಇನ್ನೂ ಚೂರು ಆಗಿದ್ದರೆ ಹೋಗುತ್ತಿತ್ತು. ಅಲ್ಲಿಂದ ಅವರು ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ಐದು ವರ್ಷ ಹೀಗೇ ನಡೆಯಿತು. ಅಮ್ಮ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದಳು.

ಆ ಅಮ್ಮನೂ ಒಂದು ಫೆಬ್ರವರಿಯಲ್ಲಿ ಹೋದಳು, ಹೊಟ್ಟೆಯ ಕ್ಯಾನ್ಸರ್. ಕೊನೆಯ ವಾರದಲ್ಲೂ ನಾನು ಹೇಳಲಿಲ್ಲ. ಅವಳ ಕೈ ಹಿಡಿದು ಕೂತಿದ್ದೆ, ಆಸ್ಪತ್ರೆಯಲ್ಲಿ ಬೇಕಾದಷ್ಟು ಸಮಯವಿತ್ತು, ಹೇಳಲಿಲ್ಲ. ಅದು ಆದ ಎರಡನೆಯ ಭಾನುವಾರ ಚಿಕ್ಕಪ್ಪನ ಫೋನು ಬಂದಾಗ ನನಗೆ ತಡೆಯಲಾಗಲಿಲ್ಲ. "ಚಿಕ್ಕಪ್ಪ, ಆ ದಿನ ಚಿತ್ರ ಬಂದಿತ್ತು. ನಾನು ಸುಳ್ಳು ಹೇಳಿದೆ. ಅಮ್ಮನ ತಪ್ಪಲ್ಲ" ಎಂದುಬಿಟ್ಟೆ.

 ಅವರು ಹೇಳಿದರು: "ಗೊತ್ತಿತ್ತ್ ಮಗಾ. ಕಿಟಕಿ ತೆಗ್ದೇ ಇತ್ತಲ್ದಾ, ಹಾಡ್ ಸಮಾ ಕೇಳ್ತಾ ಇದ್ದಿತ್ತ್. ನೀ ಆಸೆಯಲ್ಲಿ ಕೇಂಡೆ, ನಾ ಕೈ ಚಾಚಿದೆ. ಅಷ್ಟೇ."

"ಮತ್ತೆ ಅಮ್ಮನ ತಲೆಗೆ ಯಾಕೆ ಕಟ್ಟಿದ್ರಿ?" ಎಂದು ನಾನು ಕಿರುಚಿದೆ. ಸಿಟ್ಟು ಯಾರ ಮೇಲೆಂದು ನನಗೇ ತಿಳಿಯಲಿಲ್ಲ.

"ಕಟ್ಟಿದ್ದ್ ನಾನಲ್ಲ. ಒಳಗ್ ಹೋತಾ ಅತ್ತಿಗೆ ಬಾಗ್ಲಲ್ಲಿ ನಿಂತ್ ಟಿವಿ ಕಂಡಿದ್ರ್. ನೀ ಇಲ್ಲ ಅಂದದ್ದೂ ಕೇಂಡಿದ್ರ್. ಆಸ್ಪತ್ರೆಲಿ ನನ್ ಕೈ ಹಿಡ್ಕಂಡ್ ಹೇಳಿದ್ರ್, ಮಗಿನ್ ಹೆಸ್ರ್ ಎತ್ತುದ್ ಬ್ಯಾಡ ಸದಾನಂದ, ಅದ್ ಬದ್ಕಿ ಬಾಳ್ಕ್, ನಾ ಏಣಿ ಬಿಟ್ಟದ್ದೇ ತಪ್ಪ್ ಅಂತ ಎಲ್ಲರಿಗೂ ಹೇಳ್ತೆ ಅಂದ್ರ್."

ಹದಿಮೂರು ವರ್ಷ. ಬಂದವರಿಗೆ ಕಾಫಿ ಕೊಡುತ್ತ, ಅಪ್ಪನ ಮಾತು ಕೇಳುತ್ತ, ನಾನು ಬಾಗಿಲ ಸಂದಿಯಲ್ಲಿ ನಿಂತಿರುವುದು ಕಂಡೂ ಕಾಣದ ಹಾಗೆ ಆಚೆ ತಿರುಗಿ, ನಂದೇ ತಪ್ಪ್, ನಂದೇ ತಪ್ಪ್. ನಾನು ಅವಳಿಂದ ಬಚ್ಚಿಟ್ಟೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ಬಚ್ಚಿಟ್ಟಿದ್ದಳು. ಈಗ ಯಾರ ಕಾಲು ಹಿಡಿಯಲಿ, ಹೇಳಿ?

ಅದಾದ ವರ್ಷದೊಳಗೆ ಚಿಕ್ಕಪ್ಪನಿಗೆ ಬೆನ್ನಿನ ಹುಣ್ಣು ಕೀವಾಗಿ ಜ್ವರ ಏರಿತು. ಇನ್ನು ಹೆಚ್ಚು ದಿನವಿಲ್ಲ ಎಂದು ಅತ್ತೆ ಫೋನು ಮಾಡಿ, ಅದನ್ನು ಅವರ ಕಿವಿಗೆ ಹಿಡಿದಳು. ಅವತ್ತು ಮಂಗಳವಾರ ಮಧ್ಯಾಹ್ನ. ಯಾವ ಚಾನೆಲ್ಲಿನಲ್ಲೂ ಸ್ನೂಕರ್ ಇರಲಿಲ್ಲ. ಇದ್ದರೂ ನಾನು ಟಿವಿ ಹಾಕಿರಲಿಲ್ಲ. ಆರಿದ ಪರದೆಯ ಎದುರು ನಿಂತು ಹೇಳಿದೆ: ಕೆಂಪು ಹೋಯ್ತು ಚಿಕ್ಕಪ್ಪ, ಕಪ್ಪು ಹೋಯ್ತು, ಕೆಂಪು ಹೋಯ್ತು, ಗುಲಾಬಿ ಹೋಯ್ತು. ಮೇಜಿನ ಮೇಲೆ ಒಂದೂ ಉಳಿಯದ ಹಾಗೆ ಎಲ್ಲವನ್ನೂ ಕಳಿಸಿದೆ. ಕೊನೆಗೆ ಏದುಸಿರಿನ ಸ್ವರದಲ್ಲಿ ಅವರು ಕೇಳಿದರು, "ಚಿತ್ರ ಸಮಾ ಬಂತಾ?"

"ಬಂತು ಚಿಕ್ಕಪ್ಪ. ಒಂದು ಚುಕ್ಕೆಯೂ ಇಲ್ಲ."

"ಹಂಗಾರೆ ಇಳಿತೆ ಮಗಾ" ಎಂದರು.

ಅತ್ತೆ ಆ ಕಡೆ ಫೋನು ಇಟ್ಟ ಮೇಲೂ ನಾನು ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.