ಜೀಪಿನ ಧೂನು

ಆಗ ನಮ್ಮ ಬೀದರ ಸೀಮೆಯಲ್ಲಿ ಮದುವೆ ಮೆರವಣಿಗೆ ಎಂದರೆ ಬ್ಯಾಂಜೋ ಪಾರ್ಟಿ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ತಂತಿ, ಟೈಪ್‌ರೈಟರಿನಂಥ ಗುಂಡಿಗಳು. ದನಿಯನ್ನು ತುತ್ತೂರಿ ಬಾಯಿಯ ಭೋಂಗಾದಲ್ಲಿ ಊರಿಗೆಲ್ಲ ಕೇಳಿಸಲು ಒಂದು ಬ್ಯಾಟರಿ. ಅಪ್ಪ ಬ್ಯಾಂಜೋ ನುಡಿಸಿದರೆ ಮುದುಕರ ಕಾಲೂ ಸುಮ್ಮನಿರುತ್ತಿರಲಿಲ್ಲ. ನಾನು ಕೊರಳಿಗೆ ಕಟ್ಟಿದ ತಾಶಾ ಎಂಬ ಚಿಕ್ಕ ನಗಾರಿ ಬಡಿಯುತ್ತಿದ್ದೆ. ಅದಕ್ಕಾಗಿ ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟೆ. ನಾಚಿಕೆಯೇನಿಲ್ಲ, ಅದೇ ಕೈ ಇಂದಿಗೂ ಅನ್ನ ಹಾಕುತ್ತಿದೆ.

ಭಾಲ್ಕಿಯಿಂದ ಔರಾದದವರೆಗೆ ಮದುವೆಗಳಲ್ಲಿ ‘ಜೀಪಿಂದು ಹಚ್ಚರಿ’ ಎಂದು ಕೇಳಿ ಕುಣಿಯುತ್ತೀರಲ್ಲ, ಆ ಧೂನು ಅಪ್ಪನದು. ನಡುವೆ ಬ್ಯಾಂಜೋ ಗಪ್ಪಾಗಿ ಬರೀ ತಗಡಿನ ಪೆಟ್ಟು ಬರುತ್ತದಲ್ಲ, ಅದು ಅಕ್ಕನದು.

ನಮ್ಮೂರಲ್ಲಿ ದೊಡ್ಡವರ ವಾಡೆಯೊಂದಿತ್ತು. ಅವರ ಮದುವೆಗಳಿಗೆಲ್ಲ ಬಾರಿಸಿದವನು ಅಪ್ಪನೇ. ಆದರೆ ನಮ್ಮ ಓಣಿಯವರ ಮೆರವಣಿಗೆ ಆ ಬಾಗಿಲ ಮುಂದೆ ಬಂದರೆ ಬಾಜಾ ನಿಲ್ಲಿಸಿ, ತಲೆ ತಗ್ಗಿಸಿ ದಾಟಬೇಕು. ಅಕ್ಕನ ಮದುವೆಯ ಹಿಂದಿನ ದಿನ ಅರಿಷಿಣ ಹಚ್ಚಿಕೊಂಡು ಕೂತವಳೇ ಹೇಳಿದಳು.

“ಅಪ್ಪಾ, ಅವರ ಮದವಿಗೆಲ್ಲಾ ಬಾರಿಸಿದಿ. ನನ್ನ ಮದವ್ಯಾಗ ಅಲ್ಲಿ ನಿಲ್ಲಿಸಿದ್ರ ನಾ ಮೆರವಣಗಿ ಜೀಪ್ ಹತ್ತಂಗಿಲ್ಲ.”

ಅಪ್ಪ ಬ್ಯಾಂಜೋ ಇಳಿಸಿಕೊಂಡ. ಅದಕ್ಕೆ ಹೊಸ ತಂತಿ ಬಿಗಿಯತೊಡಗಿದ.

ಮರುದಿನ ಗೋದಿ ಹುಗ್ಗಿಯ ತುಪ್ಪ, ಚೆಂಡು ಹೂ, ಜೀಪಿನ ಡೀಸೆಲ್ಲು ಎಲ್ಲ ಕೂಡಿ ಒಂದೇ ವಾಸನೆ. ವಾಡೆ ಬಂದಾಗ ಅಪ್ಪ ನಿಲ್ಲಿಸಲಿಲ್ಲ. ಯಾರೂ ಕೇಳಿರದ ಒಂದು ಧೂನು ಎತ್ತಿದ. ವಾಡೆಯ ಕಾರಭಾರಿ ಓಡಿಬಂದು ಬ್ಯಾಟರಿಯ ವೈರು ಕಿತ್ತು ಕೈಯಲ್ಲಿ ಹಿಡಿದ. ಸುಮ್ಮನೆ ನಡೆಯಿರಿ ಎಂದ. ಭೋಂಗಾ ಸತ್ತಿತು. ನನ್ನ ತಾಶಾದ ಕೋಲೂ ನಿಂತವು.

ಆಗ ಅಕ್ಕ ಜೀಪಿನಿಂದ ಇಳಿದಳು. ಬಾಸಿಂಗ ಕಟ್ಟಿಕೊಂಡೇ ಎರಡೂ ಕೈಯಿಂದ ಬಾನೆಟ್ಟು ಬಡಿಯತೊಡಗಿದಳು, ಅಪ್ಪ ಬಿಟ್ಟಿದ್ದ ಅದೇ ಲಯದಲ್ಲಿ. ಹಸಿರು ಬಳೆ ಚೂರಾಗಿ ಸಿಡಿದವು. ಮದುವೆಯ ದಿನ ಬಳೆ ಒಡೆಯಿತಲ್ಲ ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದರು.

“ಒಡೀಲಿ ಬಿಡ್ರಿ, ಬಳಿ ಮತ್ತ ಸಿಗ್ತಾವ,” ಎನ್ನುತ್ತ ಅವ್ವ ತಾನೂ ಜೀಪಿಗೆ ಕೈ ಹಚ್ಚಿದಳು. ಆಮೇಲೆ ಮದುಮಗ. ಆಮೇಲೆ ಇಡೀ ಓಣಿ. ಕಾರಭಾರಿ ವೈರು ಹಿಡಿದೇ ನಿಂತಿದ್ದ. ಕೀಳಲು ಅವನಿಗೆ ಇನ್ನೇನೂ ಉಳಿದಿರಲಿಲ್ಲ. ವಾಡೆ ದಾಟಿದ ಮೇಲೆ ಅಪ್ಪ ಬೇರೆ ವೈರು ಜೋಡಿಸಿ, ಬಿಟ್ಟಲ್ಲಿಂದಲೇ ಧೂನು ಎತ್ತಿಕೊಂಡ.

ವಾಡೆಯವರು ನಮ್ಮನ್ನು ಮತ್ತೆ ಕರೆಯಲಿಲ್ಲ. ಊರೂರುಗಳು ಕರೆದವು. ಎಲ್ಲೇ ಬಾರಿಸಲಿ, ಧೂನಿನಲ್ಲಿ ವೈರು ಕಿತ್ತ ಆ ಜಾಗ ಬಂದಾಗ ಅಪ್ಪ ಕೈ ಎತ್ತಿಬಿಡುತ್ತಿದ್ದ. ಜನ ಜೀಪು, ಡಬ್ಬಿ, ಕೊಡ, ಸಿಕ್ಕಿದ್ದನ್ನು ಬಡಿಯುತ್ತಿದ್ದರು. ಬೀದರಿನಲ್ಲಿ ಯಾರೋ ಕ್ಯಾಸೆಟ್ಟು ಮಾಡಿದರು. ಅದರ ಮೇಲೆ ಅಪ್ಪನ ಹೆಸರಿರಲಿಲ್ಲ, ಪೆಟ್ಟು ಮಾತ್ರ ಇತ್ತು.

ಈಗ ಅಪ್ಪನೂ ಇಲ್ಲ, ಅಕ್ಕನೂ ಇಲ್ಲ. ವಾಡೆ ಬಿದ್ದು ಜಾಲಿ ಬೆಳೆದಿದೆ. ಬೀದರಿನ ಚಿದ್ರಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಮೊನ್ನೆ ಅದರ ಮುಂದೆ ಡಿಜೆ ಗಾಡಿ ನಿಂತು ಅದೇ ಧೂನು ಹಚ್ಚಿತ್ತು. ಪೆಟ್ಟಿನ ಜಾಗದಲ್ಲಿ ಸೈರನ್ನು. ಹೋಗಿ ಯಾಕೆಂದು ಕೇಳಿದೆ.

“ಬರೇ ತಗಡಿನ ಸಪ್ಪಳರಿ ಕಾಕಾ, ಜಾಗ ಖಾಲಿ ಇತ್ತು, ಅದಕ್ಕ ತುಂಬೀನಿ,” ಎಂದ ಡಿಜೆ ಹುಡುಗ.

“ಖಾಲಿ ಇಲ್ಲಪ್ಪಾ. ಅಲ್ಲಿ ನಮ್ಮಕ್ಕ ಅದಾಳ.”

ಅವನು ನಕ್ಕು ಸೌಂಡು ಏರಿಸಿದ. ಈಗ ಯಾರೂ ವೈರು ಕೀಳುವುದಿಲ್ಲ, ಅದು ನಾವು ಗೆದ್ದದ್ದು. ಆದರೆ ಯಾರಿಗೂ ತಮ್ಮ ಕೈಯ ಸಪ್ಪಳ ಕೇಳಿಸುವುದೂ ಇಲ್ಲ. ನಾನು ಅಂಗಡಿಗೆ ಬಂದು ಸುತ್ತಿಗೆ ಎತ್ತಿಕೊಂಡು, ಆ ಜಾಗ ಬಂದಾಗ ತಗಡಿಗೆ ಪೆಟ್ಟು ಹಾಕಿದೆ. ಈಗಲೂ ಹಾಕುತ್ತೇನೆ, ಆ ಧೂನು ಕೇಳಿದ ಪ್ರತಿ ಸಲ. ಗಿರಾಕಿ ಕಾಯಲಿ.